ಅವ್ವನ ಕಾಶ್ಮೀರ

ನಮ್ಮವ್ವನದು ನನ್ನ ಹತ್ತಿರ ಇರುವುದು ಒಂದೇ ಹಳೆಯ ಫೋಟೊ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗಂಗಾವತಿಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಾಶ್ಮೀರದ ಸರೋವರ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಕೈಯಲ್ಲಿ ಯಾರಿಂದಲೋ ಇಸಕೊಂಡ ವಾಚು. "ಅಲ್ಲಾಡಬ್ಯಾಡ್ರಿ, ಇಲ್ಲಿ ನೋಡ್ರಿ" ಅಂದದ್ದಕ್ಕೆ ಉಸಿರು ಬಿಗಿಹಿಡಿದು ಕೂತಿದ್ದಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಯಲ್ಲಿ ನಡು ಬಗ್ಗಿಸಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಭತ್ತದ ಸಸಿ ಹಚ್ಚುತ್ತಿದ್ದ ಅವ್ವ ಅದರಲ್ಲಿಲ್ಲ.

ಈ ಕೊರಗು ಹತ್ತಿದ್ದು ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದ ಮೇಲೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದರು. ಮುಂದೆ ತಿಂಗಳ ಸಂಬಳದ ಹಂಗು ಬಿಟ್ಟು ಕ್ಯಾಮೆರಾ ನಂಬಿಕೊಂಡೇ ಬದುಕಿದರು. ಲೈಫ್, ಟೈಮ್‌ನಂಥ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನೂ ಯುನಿಸೆಫ್‌ಗಾಗಿ ಮಕ್ಕಳನ್ನೂ ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಗೋಡೆಯೇರಿದವು. ನಾವೆಲ್ಲ ವೀಸಾ ಫೋಟೊಕ್ಕೆ ಕಿವಿ ಕಾಣುವಂತೆ ಕೂತು ಈ ಹೊರದೇಶಕ್ಕೆ ಬರುವುದಕ್ಕೆ ಎಷ್ಟೋ ಮೊದಲು, ಹೀಗೆ ಕನ್ನಡಿಗರೊಬ್ಬರ ಕಣ್ಣು ಸಮುದ್ರ ದಾಟಿತ್ತು!

ದೊಡ್ಡ ದೊಡ್ಡವರನ್ನೂ ಅವರು ತೆಗೆದಿದ್ದಾರೆ, ಇಲ್ಲವೆಂದಲ್ಲ. ನನಗೆ ಹೆಚ್ಚೆನಿಸುವುದು ಹೆಸರಿಲ್ಲದವರ ಮುಖಗಳೇ. ಕೆಲಸದಲ್ಲೋ ಆಟದಲ್ಲೋ ಮುಳುಗಿದವರು, ಎದುರಿಗೆ ಕ್ಯಾಮೆರಾ ಇದೆಯೆಂಬುದನ್ನೇ ಮರೆತಂತಿರುತ್ತಾರೆ. ಎಣಿಸಿ ಎಣಿಸಿ ಫಿಲ್ಮ್ ಖರ್ಚು ಮಾಡುತ್ತಿದ್ದ ಕಾಲದಲ್ಲಿ ಆ ಮರೆವಿಗೆ ಕಾಯಬೇಕಾದರೆ ತಾಳ್ಮೆ ಎಷ್ಟಿರಬೇಕು. ಆತ್ಮಕಥೆಗೆ 'ಕಾಲಕ್ಕೆ ಕನ್ನಡಿ' ಎಂದು ಹೆಸರಿಟ್ಟದ್ದು ಅವರಿಗೆ ಒಪ್ಪುತ್ತದೆ. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹಾಗಂತ ಗಂಗಾವತಿಯ ಸ್ಟುಡಿಯೊದವರನ್ನು ನಾನು ಬೈಯಲಾರೆ. ವರ್ಷವಿಡೀ ಕೆಸರಿನಲ್ಲಿ ನಿಂತವಳಿಗೆ ಅವರು ಅರ್ಧ ತಾಸು ಕಾಶ್ಮೀರ ಕೊಟ್ಟರು. ಅವಳಿಗೆ ಬೇಕಾಗಿದ್ದೂ ಅದೇ. ಗದ್ದೆಯ ಅವ್ವ ಬೇಕಾಗಿರುವುದು ನನಗೆ, ಅದೂ ಈಗ.

ಇಲ್ಲಿ ಹೊರದೇಶದಲ್ಲಿ ಮಕ್ಕಳಿಗೆ ರಜೆ ಬರುವುದು ಜುಲೈ-ಆಗಸ್ಟಿನಲ್ಲಿ. ಗಂಗಾವತಿ ಕಡೆ ನಾಟಿಯ ಹಂಗಾಮೂ ಆಗಲೇ. ಈ ಸಲ ಊರಿಗೆ ಹೋದವರು ಹಿರಿಯರನ್ನು ಸೋಫಾದ ಮೇಲೆ ಸಾಲಾಗಿ ಕೂರಿಸುವ ಮೊದಲು, ಅವರು ರೊಟ್ಟಿ ಬಡಿಯುವಾಗ, ಎಲೆಅಡಿಕೆ ಹಾಕಿಕೊಳ್ಳುವಾಗ ಒಂದೆರಡು ಫೋಟೊ ತೆಗೆಯಿರಿ. ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ಇಸವಿ ಬರೆಯಿರಿ. ನಮ್ಮವ್ವನ ಫೋಟೊದ ಹಿಂದೆ ಸ್ಟುಡಿಯೊದ ರಬ್ಬರ್ ಸ್ಟ್ಯಾಂಪ್ ಬಿಟ್ಟರೆ ಏನೂ ಇಲ್ಲ.