ಪಂಚಸೂನೆಯೂ ಗೃಹಸ್ಥನ ಊಟವೂ

ಗೃಹಸ್ಥನ ಮನೆಯಲ್ಲಿ ಐದು ಕಡೆ ಅರಿವಿಲ್ಲದೆ ಹಿಂಸೆ ನಡೆಯುತ್ತದೆಂದು ಧರ್ಮಶಾಸ್ತ್ರಕಾರರು ಹೇಳಿದ್ದಾರೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ – ಇವೇ ಪಂಚಸೂನೆಗಳು. ಸೌದೆಯಲ್ಲಿ ಅಡಗಿದ ಹುಳು, ಕಲ್ಲಿನ ನಡುವೆ ಸಿಕ್ಕ ಇರುವೆ, ಕೊಡದ ಅಡಿಯಲ್ಲಿ ನಲುಗಿದ ಕ್ರಿಮಿ – ಇವನ್ನು ಕೊಲ್ಲಬೇಕೆಂದು ಯಾವ ಗೃಹಿಣಿಯೂ ಒಲೆ ಹಚ್ಚುವುದಿಲ್ಲ. ಆದರೂ ಸತ್ತದ್ದು ಸತ್ತದ್ದೇ. ಶಾಸ್ತ್ರಕಾರರ ವಿವೇಕ ಕಾಣುವುದು ಮುಂದಿನ ಮಾತಿನಲ್ಲಿ. ಅವರು ಒಲೆಯನ್ನು ಆರಿಸಿಬಿಡಿರೆಂದು ಹೇಳಲಿಲ್ಲ; ತಿಳಿಯದೆ ಆದುದಕ್ಕೆ ದೋಷವಿಲ್ಲವೆಂಬ ಸುಲಭದ ಸಮಾಧಾನವನ್ನೂ ಕೊಡಲಿಲ್ಲ. ನಿತ್ಯವೂ ಪಂಚಮಹಾಯಜ್ಞಗಳನ್ನು ನಡೆಸಿ, ದೇವರಿಗೂ ಪಿತೃಗಳಿಗೂ ಅತಿಥಿಗೂ ಕಾಗೆ-ಇರುವೆಗಳಿಗೂ ಸಲ್ಲತಕ್ಕ ಪಾಲನ್ನು ಸಲ್ಲಿಸಿ, ಉಳಿದುದನ್ನು ಉಣ್ಣಬೇಕೆಂದರು.

ಉದ್ದೇಶವಿಲ್ಲದ, ಕಣ್ಣಿಗೆ ಬೀಳದ ಹಾನಿಗೂ ಮನುಷ್ಯ ಹೊಣೆಯೆ ಎಂಬ ಈ ಹಳೆಯ ಪ್ರಶ್ನೆ ಇಂದು ಹಿಂದಿನವರು ಊಹಿಸಲಾರದಿದ್ದ ರೂಪದಲ್ಲಿ ಮರಳಿ ಬಂದಿದೆ. 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕದಂತೆ, ಮಾನವನ ವ್ಯವಹಾರಗಳಿಂದ ವಾಯುಮಂಡಲವನ್ನು ಸೇರಿ ಭೂಮಿಯನ್ನು ಕಾಯಿಸುತ್ತಿರುವ ಅನಿಲಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಆಹಾರದ ದಾರಿಯಿಂದ ಬರುತ್ತದೆ. ಕಾಡು ಕಡಿದು ಮಾಡಿದ ಹೊಲ, ಆ ಹೊಲಕ್ಕೆ ಸುರಿದ ಯೂರಿಯಾ, ನೀರು ನಿಂತ ಗದ್ದೆ, ದನದ ಕೊಟ್ಟಿಗೆ, ಶೀತಲಗೃಹ, ಅಡುಗೆಯ ಒಲೆ, ಕೊನೆಗೆ ಊರಾಚೆಯ ಕಸದ ಗುಡ್ಡ – ಇಷ್ಟೂ ಸೇರಿ ಆ ಪಾಲು. ದೂರದಿಂದ ಬಂದ ಪದಾರ್ಥವೇ ಹೆಚ್ಚು ಹಾನಿಕರವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ವಿಮಾನದಲ್ಲಿ ಬಂದುದನ್ನು ಬಿಟ್ಟರೆ ಸಾಗಾಣಿಕೆಯ ಭಾಗ ಅಲ್ಪವೇ. ಯಾವುದನ್ನು, ಹೇಗೆ ಬೆಳೆದರೆಂಬುದೇ ಮುಖ್ಯ. ಊರಿನಿಂದ ಬ್ಯಾಡಗಿ ಮೆಣಸಿನಕಾಯಿಯನ್ನೂ ಅಪ್ಪೆಮಿಡಿಯನ್ನೂ ತರಿಸಿಕೊಳ್ಳುವ ಮುಂಬಯಿಯ ಕನ್ನಡಿಗ ಅಷ್ಟರಮಟ್ಟಿಗೆ ನಿಶ್ಚಿಂತನಾಗಿರಬಹುದು.

ಆದರೆ ಅವನ ಎಲೆಯ ನಡುವೆ ಬಡಿಸಿದ ಅನ್ನದ ವಿಷಯ ಅಷ್ಟು ಸರಳವಲ್ಲ. ನೀರು ಕಟ್ಟಿದ ಗದ್ದೆಯ ಮಣ್ಣಿಗೆ ಗಾಳಿಯಾಡುವುದಿಲ್ಲ. ಅಂಥ ಮಣ್ಣಿನ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಅದು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಕಾಯಿಸುತ್ತದೆ. ರಾಗಿಯಾದರೋ ಮಳೆಯನ್ನು ನಂಬಿ ಕೆಂಪು ಮಣ್ಣಿನ ಬೆದ್ದಲಲ್ಲಿ ಬೆಳೆಯುವಂಥದು. ಅದಕ್ಕೆ ನಿಂತ ನೀರು ಬೇಡ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಮುಗಿದು ನಾಲೆಗಳು ಹರಿದ ಮೇಲೆ ಮಂಡ್ಯದ ರಾಗಿಯ ಹೊಲಗಳೆಷ್ಟೋ ಭತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದವು. ಹಸಿದವರಿಗೆ ಅದರಿಂದ ಅನ್ನ ದೊರೆಯಿತು. ಅದನ್ನು ಹಳಿಯುವುದು ಕೃತಘ್ನತೆ. ಆದರೆ ನೀರಿನೊಡನೆ ಇನ್ನೊಂದು ಭಾವನೆಯೂ ಹರಿದು ಬಂದಿತು. ಬಿಳಿಯ ಅನ್ನ ಉಂಡವನು ಮೇಲು, ಮುದ್ದೆ ಉಂಡವನು ಕೀಳು ಎಂಬ ಹಳೆಯ ಅಭಿಮಾನ ಇನ್ನಷ್ಟು ಬೇರುಬಿಟ್ಟಿತು. ಪೇಟೆ ಸೇರಿದವರಲ್ಲಿ ಅನೇಕರು ಮೊದಲು ಬಿಟ್ಟದ್ದು ಊರಿನ ಮಾತನ್ನಲ್ಲ, ಊರಿನ ಮುದ್ದೆಯನ್ನು.

ಈ ಅಭಿಮಾನವನ್ನು ಕನಕದಾಸರು ಎಂದೋ ಕಂಡಿದ್ದರು. ಅವರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ಶ್ರೀರಾಮನ ಮುಂದೆ ವಾದ ನಡೆಯುತ್ತದೆ. ತಾನು ಮೇಲಿನವರ ಆಹಾರ, ಶುಭಕಾರ್ಯಗಳಿಗೆ ಸಲ್ಲುವಂಥದೆಂದು ಭತ್ತದ ಗರ್ವ. ಬರಗಾಲದಲ್ಲಿ ಬಡವರನ್ನು ಬದುಕಿಸುವವನು ತಾನೆಂದು ರಾಗಿಯ ಉತ್ತರ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದ ಮೇಲೆ ಭತ್ತ ಸತ್ತ್ವಗುಂದಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಧಾನ್ಯದ ಯೋಗ್ಯತೆಯನ್ನು ಉಣ್ಣುವವನ ಅಂತಸ್ತಿನಿಂದ ಅಳೆಯಬಾರದು, ಕಷ್ಟಕಾಲದಲ್ಲಿ ಅದು ನಿಲ್ಲುವ ರೀತಿಯಿಂದ ಅಳೆಯಬೇಕೆಂಬ ಈ ತೀರ್ಪು, ಮಳೆಯ ಕ್ರಮವೇ ತಪ್ಪುತ್ತಿರುವ ಕಾಲದಲ್ಲಿ ಬರಿಯ ಕಥೆಯಾಗಿ ಉಳಿದಿಲ್ಲ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬಡವರ ಧಾನ್ಯವೆನಿಸಿದ್ದುದು ಅಂದವಾದ ಪೊಟ್ಟಣ ಸೇರಿ ದುಬಾರಿಯಾದದ್ದು ಬೇರೆ ಮಾತು!

ಹಾಗೆಂದು ಭತ್ತವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಕರಾವಳಿಯ ಮಳೆಗಾಲದಲ್ಲಿ ನೀರು ನಿಲ್ಲುವ ಬಯಲುಗಳಲ್ಲಿ ಭತ್ತವಲ್ಲದೆ ಬೇರೇನು ಬೆಳೆದೀತು? ಕುಚ್ಚಲಕ್ಕಿಯ ಗಂಜಿ ಉಂಡು ಗದ್ದೆಗಿಳಿದವರು ಆಕಾಶವನ್ನು ಕೆಡಿಸಲು ಹೊರಟವರಲ್ಲ. ಗದ್ದೆಯ ನೀರನ್ನು ನಡುನಡುವೆ ಆರಲು ಬಿಟ್ಟು ಮತ್ತೆ ಕಟ್ಟುವ ಕ್ರಮದಿಂದ ಮೀಥೇನ್ ಗಣನೀಯವಾಗಿ ತಗ್ಗುತ್ತದೆಂದು ಕೃಷಿವಿಜ್ಞಾನ ತೋರಿಸಿಕೊಟ್ಟಿದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಿಂದ ಹೊಟ್ಟೆ ತುಂಬಿಸಿಕೊಳ್ಳುವ ಕೂಲಿಯವನಿಗೆ ಈ ವಿಷಯದಲ್ಲಿ ಉಪದೇಶ ಮಾಡಹೊರಡುವುದು ಅಧರ್ಮವೇ ಸರಿ. ಆಯ್ಕೆ ಇದ್ದವನಿಗೆ ಮಾತ್ರ ಹೊಣೆ.

ಸಸ್ಯಾಹಾರಿಯು ಇಲ್ಲಿಗೆ ತನ್ನ ಪಾಲು ತೀರಿತೆಂದು ಎದೆಯುಬ್ಬಿಸುವಂತಿಲ್ಲ. ಮಾಂಸಕ್ಕಾಗಿ, ವಿಶೇಷವಾಗಿ ದನದ ಮಾಂಸಕ್ಕಾಗಿ, ಭೂಮಿ ತೆರುವ ಬೆಲೆ ಬಹಳ ದೊಡ್ಡದೆಂಬುದು ನಿಜ. ಆದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುವುದು ಅದನ್ನು ಯಾರು ಯಾವುದಕ್ಕಾಗಿ ಸಾಕಿದರೆಂದು ನೋಡಿಕೊಂಡಲ್ಲ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 30 ಕೋಟಿಗೂ ಮಿಕ್ಕ ದನ-ಎಮ್ಮೆಗಳಿದ್ದವು. ಒಂದು ಕಿಲೋ ತುಪ್ಪಕ್ಕೆ ಎಮ್ಮೆಯ ಹಾಲು ಸುಮಾರು 15 ಲೀಟರ್ ಬೇಕು. ಹಸುವಿನದಾದರೆ 25ರ ಹತ್ತಿರ. ನಂದಾದೀಪಕ್ಕೂ ಹೋಳಿಗೆಗೂ ತುಪ್ಪ ಬೇಕಾದುದೇ. ಅದು ಮಿತವಾದ, ದುರ್ಲಭವಾದ ವಸ್ತುವೆಂಬ ಭಾವನೆಯಿಂದಲೇ ಹಿಂದಿನ ಮನೆಗಳಲ್ಲಿ ಮಿಳ್ಳೆಯಿಂದ ಹನಿಸುತ್ತಿದ್ದರು, ಸುರಿಯುತ್ತಿರಲಿಲ್ಲ.

ಇವೆಲ್ಲಕ್ಕಿಂತ ಕ್ಷಮೆಗೆ ಅನರ್ಹವಾದದ್ದು ಎಲೆಯಲ್ಲಿ ಬಿಟ್ಟು ಏಳುವ ಅನ್ನ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್ನು. ಅದರಲ್ಲಿ 60 ಪಾಲು ಮನೆಗಳದೇ. ಬೆಳೆಯುವಾಗ ಆದ ಹಾನಿ ಅಲ್ಲಿ ಯಾರ ಹಸಿವನ್ನೂ ತಣಿಸದೆ ವ್ಯರ್ಥವಾಗುತ್ತದೆ. ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಆ ಅನ್ನವೇ ಮತ್ತೆ ಮೀಥೇನ್ ಆಗುತ್ತದೆ. ಮುಂಬಯಿಯ ದೇವನಾರಿನಲ್ಲಿ 1927ರಿಂದ ಕಸ ಸುರಿಯುತ್ತ ಬಂದರು. 2016ರ ಜನವರಿಯಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಉಪಗ್ರಹಗಳಿಗೂ ಕಾಣಿಸಿತು. ದೆಹಲಿಯ ಗಾಜೀಪುರದ ಗುಡ್ಡವೂ 2022ರಲ್ಲಿ ಉರಿಯಿತು. ಶರಣರ ಮನೆಗಳಲ್ಲಿ ಪ್ರಸಾದವನ್ನು ಬಿಡಬಾರದೆಂದು ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ರೂಢಿ ಜಿಪುಣತನದ್ದಲ್ಲ. ದಾಸೋಹದ ಅನ್ನ ತನ್ನದಲ್ಲ, ತನ್ನದಲ್ಲದ್ದನ್ನು ಕೆಡಿಸುವ ಅಧಿಕಾರ ತನಗಿಲ್ಲವೆಂಬ ತಿಳಿವಳಿಕೆ ಅದು.

ಒಬ್ಬನು ಎಲೆಯನ್ನು ಬರಿದು ಮಾಡಿದರೆ ಭೂಮಿ ತಣ್ಣಗಾದೀತೆ ಎಂದು ಕೇಳಬಹುದು. ಆಗದು. ಶ್ರೀಮಂತ ದೇಶಗಳ ವ್ಯವಹಾರ, ಸರಕಾರಗಳ ನೀತಿ, ಗೊಬ್ಬರದ ಕಾರ್ಖಾನೆ, ಇವುಗಳ ಮುಂದೆ ಒಂದು ತುತ್ತು ಎಷ್ಟರದು? ಪರಿಷೇಚನೆ ಮಾಡಿ ಎಲೆಯ ಪಕ್ಕದಲ್ಲಿಡುವ ನಾಲ್ಕು ಅಗುಳಿನಿಂದಲೂ ಲೋಕದ ಇರುವೆಗಳ ಹೊಟ್ಟೆ ತುಂಬುವುದಿಲ್ಲ. ಉಣ್ಣುವವನು ತಾನೊಬ್ಬನೇ ಅಲ್ಲವೆಂದು ಉಣ್ಣುವ ಮೊದಲು ಅವನಿಗೇ ನೆನಪಿಸುವುದು ಆ ಅಗುಳಿನ ಕೆಲಸ. ಆ ನೆನಪಿಲ್ಲದ ಜನರಿಂದ ಒಳ್ಳೆಯ ನೀತಿಯನ್ನು ಬಯಸುವ ಸರಕಾರವೂ ಹುಟ್ಟಲಾರದು. ಇನ್ನೊಂದು ಅಪಾಯವೂ ಉಂಟು. ರಾಗಿ ತಿನ್ನುವವನು ಪಕ್ಕದ ಎಲೆಯ ಅನ್ನವನ್ನು ಕಂಡು ಮೂಗು ಮುರಿಯತೊಡಗಿದರೆ, ಹೊಸದೊಂದು ಮಡಿ ಹುಟ್ಟಿ, ವ್ರೀಹಿಯ ಗರ್ವ ನರೆದಲೆಗನ ಮೈಯಲ್ಲಿ ಬಂದು ಕುಳಿತಂತಾಗುತ್ತದೆ.

ಮಹಾನವಮಿಯ ಆಯುಧಪೂಜೆಯಲ್ಲಿ ಹಿಂದೆ ಒರಳು, ಒನಕೆ, ಬೀಸುವ ಕಲ್ಲುಗಳಿಗೂ ಅರಿಸಿನ ಕುಂಕುಮ ಸಲ್ಲುತ್ತಿತ್ತು. ಪಂಚಸೂನೆಗಳೆಂದು ಎಣಿಸಿದ್ದ ಆ ಉಪಕರಣಗಳಿಗೇ ವರ್ಷಕ್ಕೊಮ್ಮೆ ಕೈಮುಗಿಯುತ್ತಿದ್ದುದು ಅರ್ಥವಿಲ್ಲದ್ದಲ್ಲ. ಮಹಾನಗರದ ಮನೆಗಳಲ್ಲಿ ಈಗ ಆ ಪೂಜೆ ಮಿಕ್ಸಿಗೆ, ಗ್ಯಾಸಿನ ಒಲೆಗೆ, ಫ್ರಿಜ್ಜಿಗೆ. ಕುಂಕುಮವಿಡುವ ಮುನ್ನ ಒರೆಸಲೆಂದು ಫ್ರಿಜ್ಜಿನ ಬಾಗಿಲು ತೆರೆದಾಗ, ಹಿಂದಿನ ಮೂಲೆಯಲ್ಲಿ ಮುಚ್ಚಿಟ್ಟು ಮರೆತ ಡಬ್ಬಿಯೊಂದು ಸಿಕ್ಕುವುದು ಅಪರೂಪವಲ್ಲ.