ನಂಬಿಕೆಯ ಅವಧಿ

ಕಚೇರಿಯ ಸಂಪರ್ಕ ಸರ್ವರು ತಾನು ತಾನೇ ಎಂಬುದನ್ನು ಬರಿಯ ಮಾತಿನಿಂದ ಸಾಧಿಸಲಾರದು. ಎಲ್ಲರೂ ನಂಬುವ ಪ್ರಾಧಿಕಾರವೊಂದು ಅಂಕಿತವಿಟ್ಟ ಸರ್ಟಿಫಿಕೇಟನ್ನು ಅದು ತೋರಬೇಕು. ಆ ಪತ್ರದಲ್ಲಿ ಕೊನೆಯ ದಿನವೂ ಬರೆದಿರುತ್ತದೆ. ಆ ದಿನ ಕಳೆದರೆ, ಯಂತ್ರ ಅದೇ, ಗುಪ್ತವಾದ ಕೀಲಿ ಅದೇ, ಕೂದಲೆಳೆಯಷ್ಟೂ ಕೆಟ್ಟಿಲ್ಲ. ಆದರೂ ಅದರ ಮಾತನ್ನು ಯಾರೂ ನಂಬರು. ನಿನ್ನೆಯ ಸತ್ಯವಂತನು ಗಡಿಯಾರದ ಮುಳ್ಳು ಸರಿದ ಮಾತ್ರಕ್ಕೆ ಸುಳ್ಳನಾಗುವನೆ?

2020ನೆಯ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತುಹೋದದ್ದು ಇಂಥ ಪತ್ರದ ಅವಧಿ ತೀರಿದ್ದರಿಂದ. 2018ನೆಯ ಡಿಸೆಂಬರಿನಲ್ಲಿ ಎರಿಕ್ಸನ್ ತಂತ್ರಾಂಶದಲ್ಲಿ ಹೀಗೆಯೇ ಆಗಿ, ಬ್ರಿಟನ್ನಿನಲ್ಲಿ ಲಕ್ಷಾಂತರ ಜನರ ಮೊಬೈಲುಗಳಿಗೆ ಇಂಟರ್ನೆಟ್ ಇಲ್ಲದಾಯಿತು. ಶತ್ರುವಿಲ್ಲ, ಕಳ್ಳನಿಲ್ಲ. ತಿಥಿ ಮೊದಲೇ ಗೊತ್ತಿದ್ದ ಅನರ್ಥವನ್ನು ದೈವದ ಮೇಲೆ ಹೊರಿಸುವಂತೆಯೂ ಇಲ್ಲ.

ಆದರೆ ಅವಧಿಯನ್ನೇ ತೆಗೆದುಹಾಕಬೇಕೆಂಬ ವಾದವನ್ನು ನಾನು ಒಪ್ಪೆನು. ಕೀಲಿ ಕಳವಾದದ್ದು ಒಡೆಯನಿಗೆ ತಿಳಿಯದೆಯೇ ಇರಬಹುದು. ಅವಧಿಯಿಲ್ಲದ ಪತ್ರವು ಕಳ್ಳನ ಪರವಾಗಿ ಎಂದೆಂದಿಗೂ ಸಾಕ್ಷಿ ನುಡಿಯುತ್ತದೆ. ಸಾರ್ವಜನಿಕ ಜಾಲದ ಪತ್ರಗಳ ಆಯುಸ್ಸು 2020ರಲ್ಲಿ 398 ದಿನಗಳಿಗೆ ಇಳಿಯಿತು. 2029ರ ಮಾರ್ಚಿನಿಂದ 47 ದಿನವೆಂದು 2025ರಲ್ಲಿ ನಿಶ್ಚಯವಾಗಿದೆ. ಇನ್ನು ನವೀಕರಣವನ್ನೂ ಯಂತ್ರಕ್ಕೇ ಒಪ್ಪಿಸದೆ ಗತ್ಯಂತರವಿಲ್ಲ. (ಯಂತ್ರವೂ ಮರೆತರೆ ಯಾರು ನೆನಪಿಸಬೇಕೋ!)

ಮರೆತ ನಿರ್ವಾಹಕನನ್ನು ನಾನು ಕ್ಷಮಿಸಬಲ್ಲೆನು. ಮರೆತ ಮೇಲೆ, ಪರದೆಯಲ್ಲಿ ಎಚ್ಚರಿಕೆ ಮೂಡಿದಾಗ, “ಚಿಂತೆಯಿಲ್ಲ, ಒತ್ತಿ ಮುಂದೆ ಹೋಗಿ” ಎಂದು ಕಚೇರಿಗೆಲ್ಲ ಹೇಳಿಕಳುಹಿಸುವವನನ್ನು ಮಾತ್ರ ಕ್ಷಮಿಸಲಾರೆನು. ಪತ್ರವನ್ನು ಅವನು ನಾಳೆ ಹೊಸದು ಮಾಡಿಯಾನು. ಆದರೆ ನಿಜವಾದ ವಂಚಕನು ಬಂದ ದಿನವೂ ಆ ಗುಮಾಸ್ತರು ಎಚ್ಚರಿಕೆಯನ್ನು ಓದದೆಯೇ ಒತ್ತುವರು.