ಮನಸ್ಸಿನೊಳಗಿನ ಕಪಟಕ್ಕೆ ಸಾಕ್ಷಿ ಎಲ್ಲಿ?

ಪಂಚಾಯತ್ ಕಟ್ಟಿಸಿದ ಮೋರಿಯೊಂದು ಮೊದಲ ಮಳೆಗೇ ಕುಸಿಯಿತೆಂದು ಇಟ್ಟುಕೊಳ್ಳಿ. ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿ ಕಳ್ಳನೋ, ಸೋಮಾರಿಯೋ, ಅಥವಾ ಗುತ್ತಿಗೆದಾರನ ಮಾತನ್ನು ನಂಬಿ ಮೋಸಹೋದವನೋ? ಊರಿಗಾದ ನಷ್ಟ ಮೂರರಲ್ಲೂ ಒಂದೇ. ಆದರೆ ಓದುಗರೇ, ಅಪರಾಧ ಒಂದೇ ಅಲ್ಲ. ಹೋಟೆಲಿನ ಬೆಂಚಿನ ಮೇಲೆ ಕುಳಿತು ನಾವು ಐದು ನಿಮಿಷದಲ್ಲಿ ಕೊಡುವ ತೀರ್ಪನ್ನು ನ್ಯಾಯಾಲಯ ವರ್ಷಗಟ್ಟಲೆ ಕೊಡಲಾಗದೆ ತಿಣುಕುವುದು ಇದೇ ಕಾರಣಕ್ಕೆ.

ಸದ್ಭಾವನೆ ಎಂದರೇನೆಂಬುದಕ್ಕೆ ನಮ್ಮ ದೇಶದ ಕಾನೂನಿನಲ್ಲೇ ಎರಡು ಉತ್ತರಗಳಿವೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ ಪ್ರಾಮಾಣಿಕವಾಗಿ ಮಾಡಿದ್ದು ಅಜಾಗರೂಕತೆಯಿಂದ ಮಾಡಿದ್ದಾದರೂ ಸದ್ಭಾವನೆಯದೇ. 1860ರ ದಂಡ ಸಂಹಿತೆ ಹಾಗೆ ಬಿಡುತ್ತಿರಲಿಲ್ಲ. ತಕ್ಕ ಎಚ್ಚರವೂ ಗಮನವೂ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎನ್ನುತ್ತಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಮೋರಿಯನ್ನು ನೋಡದೆ ಸಹಿ ಹಾಕಿದವನು ಮೊದಲನೆಯದರಲ್ಲಿ ಪಾರಾಗುತ್ತಾನೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತಾನೆ. ಸಾರ್ವಜನಿಕರ ಹಣ ಅಮಾನತ್ ಆಗಿರುವಾಗ ಎರಡನೆಯದೇ ಸರಿಯೆಂದು ನನಗನಿಸುತ್ತದೆ. ಆದರೂ ಸದ್ಭಾವನೆ ಇಲ್ಲವೆಂದ ಮಾತ್ರಕ್ಕೆ ದುರುದ್ದೇಶವಿತ್ತೆಂದು ಆಗುವುದಿಲ್ಲ. ನಡುವೆ ಅಲಕ್ಷ್ಯವೆಂಬ ದೊಡ್ಡ ಬಯಲಿದೆ. ಅದಕ್ಕೆ ಇಲಾಖಾ ಶಿಕ್ಷೆಯುಂಟು, ನಷ್ಟ ವಸೂಲಿಯುಂಟು; ಲಂಚಕೋರನೆಂಬ ಹಣೆಪಟ್ಟಿ ಬೇರೆಯೇ. ಸಾರ್ವಜನಿಕ ಹಿತವಿಲ್ಲದೆ ಇನ್ನೊಬ್ಬರಿಗೆ ಲಾಭ ಮಾಡಿಕೊಟ್ಟರೆ, ದುರುದ್ದೇಶವನ್ನು ಹೇಳದೆಯೇ ಅಪರಾಧಿಯಾಗಿಸುತ್ತಿದ್ದ ಖಂಡವೊಂದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು.

ಹಾಗಾದರೆ ಉದ್ದೇಶವನ್ನು ಸಾಬೀತುಪಡಿಸುವುದು ಹೇಗೆ? ಯುದ್ಧದಲ್ಲಿ ಕಲಿಮಾ ಉಚ್ಚರಿಸಿದವನನ್ನು, ಜೀವಭಯದಿಂದ ಹೇಳಿದನೆಂದು ಕೊಂದ ಉಸಾಮಾ(ರ)ರೊಡನೆ ಪ್ರವಾದಿಯವರು(ಸ), ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂಬರ್ಥದಲ್ಲಿ ಕೇಳಿದ್ದು ನಿಮಗೆ ತಿಳಿದಿದೆ. ಹೃದಯ ಮನುಷ್ಯನ ಅಧಿಕಾರವ್ಯಾಪ್ತಿಗೆ ಸೇರಿಲ್ಲ. ಕೈಗೆ ಸಿಗುವುದು ಹೊರಗಿನ ಗುರುತುಗಳು ಮಾತ್ರ. ಲೋಕಾಯುಕ್ತದ ಬಲೆಯಲ್ಲಿ ನೋಟಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ, ಮುಟ್ಟಿದ ಬೆರಳನ್ನು ಸೋಡಾ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಆದರೆ ಗುಲಾಬಿ ನೀರು ಹೇಳುವುದು ಬೆರಳು ನೋಟನ್ನು ಮುಟ್ಟಿತೆಂದಷ್ಟೇ. ಜೇಬಿಗೆ ತುರುಕಿದ ನೋಟೂ ಬೆರಳಿಗೆ ಬಣ್ಣ ಹಚ್ಚಬಲ್ಲದು. ಅದಕ್ಕೇ ಹಣ ಕೇಳಿದ್ದೂ ಸಾಬೀತಾಗಬೇಕೆಂದು ನ್ಯಾಯಾಲಯಗಳು ಪಟ್ಟುಹಿಡಿಯುತ್ತವೆ. ದೂರುದಾರ ಸತ್ತರೂ ಅಥವಾ ತಿರುಗಿಬಿದ್ದರೂ ಉಳಿದ ಸಾಕ್ಷ್ಯಗಳಿಂದ ಅದನ್ನು ಊಹಿಸಬಹುದೆಂದು ಸುಪ್ರೀಂ ಕೋರ್ಟಿನ ಐವರ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು.

ನೋಟು ಸಿಗದ ಪ್ರಕರಣಗಳಲ್ಲಿ ಕಡತವೇ ಸಾಕ್ಷಿ. ಹಿಂದಿನ ತಾರೀಕು ಹಾಕಿದ ಆದೇಶ, ಅಳೆಯದೆ ತುಂಬಿಸಿದ ಅಳತೆ ಪುಸ್ತಕ, ಮೂರು ಅಂಗಡಿಗಳ ಹೆಸರಲ್ಲಿ ಒಂದೇ ಕೈಬರಹದ ಕೊಟೇಶನ್, ಇಂಜಿನಿಯರನ ಆಕ್ಷೇಪಣೆಯಿದ್ದ ಹಾಳೆ ಮಾಯವಾದದ್ದು. ತಪ್ಪೆಂದು ಗೊತ್ತಿಲ್ಲದವನು ಬಚ್ಚಿಡುವುದಿಲ್ಲ ಎಂಬುದು ತರ್ಕ. ಅದೂ ಪೂರ್ಣ ಸತ್ಯವಲ್ಲವೆನ್ನಿ. ಕೆಲಸ ಹೋದೀತೆಂಬ ಹೆದರಿಕೆಯಿಂದ ಬರೀ ಪ್ರಮಾದವನ್ನೂ ಮುಚ್ಚಿಡುವ ಗುಮಾಸ್ತರಿದ್ದಾರೆ. ಬಚ್ಚಿಟ್ಟದ್ದು ಯಾರ ಲಾಭಕ್ಕೆ ಎಂಬುದನ್ನೂ ಕೂಡಿಸಿ ನೋಡಿದಾಗಲೇ ಚಿತ್ರ ಸ್ಪಷ್ಟವಾಗುವುದು.

ಇಲ್ಲಿ ಇಬ್ನುಲ್ಲುತ್‌ಬಿಯ್ಯ ಎಂಬವರ ಘಟನೆಯನ್ನು ನಿಧಾನವಾಗಿ ಗಮನಿಸಿ. ಝಕಾತ್ ವಸೂಲಿಗೆ ಹೋಗಿ ಬಂದ ಆತ, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದು ಬೇರೆಬೇರೆಯಾಗಿ ಇಟ್ಟರು. ಏನನ್ನೂ ಬಚ್ಚಿಡಲಿಲ್ಲ. ಇಂದಿನ ಯಾವ ವಕೀಲನೂ ದುರುದ್ದೇಶವಿರಲಿಲ್ಲವೆಂದು ಸುಲಭವಾಗಿ ವಾದಿಸಬಹುದು. ಪ್ರವಾದಿಯವರು(ಸ) ಆತನ ಉದ್ದೇಶದ ವಿಚಾರಣೆಗೇ ಇಳಿಯಲಿಲ್ಲ. ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು. ಬಳಿಕ ಜನರನ್ನುದ್ದೇಶಿಸಿ ಮಾತನಾಡುವಾಗ ಹೆಸರೆತ್ತದೆ ವಿಷಯವನ್ನಷ್ಟೇ ಹೇಳಿದರು. ಹಣ ಯಾರದೆಂಬ ಪ್ರಶ್ನೆ ಒಂದು, ಮನುಷ್ಯ ಕಪಟಿಯೇ ಎಂಬ ಪ್ರಶ್ನೆ ಇನ್ನೊಂದು. ಮೊದಲನೆಯದು ನಿಯ್ಯತ್ತನ್ನು ಕಾಯುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಪಡೆದರೂ ಅದು ಅವನದಲ್ಲ. ಖಲೀಫ ಉಮರ್(ರ) ರಾಜ್ಯಪಾಲರನ್ನು ನೇಮಿಸುವಾಗಲೇ ಅವರ ಆಸ್ತಿಯ ಪಟ್ಟಿ ಮಾಡಿಸುತ್ತಿದ್ದರೆಂದು ಇತಿಹಾಸಕಾರರು ಬರೆದಿರುವುದರ ಹಿಂದೆಯೂ ಇದೇ ಜಾಣ್ಮೆಯಿದೆ. ಆದಾಯಕ್ಕೆ ಮೀರಿದ ಆಸ್ತಿಗೆ ಲೆಕ್ಕ ಕೊಡಲಾಗದ ನೌಕರನು ಉದ್ದೇಶಪೂರ್ವಕ ಅಕ್ರಮವೆಸಗಿದನೆಂದು ಇಂದಿನ ಕಾನೂನೂ ಭಾವಿಸುತ್ತದೆ. ಹೃದಯವನ್ನು ಸೀಳದೆ ಮನೆಯನ್ನು ನೋಡುವ ದಾರಿ ಅದು.

ಇನ್ನು ನಮ್ಮ ಪಾಲು. ಚುನಾವಣೆಯಲ್ಲಿ ಸೋತವನು ಗೆದ್ದವನ ಮೇಲೆ ದೂರು ಬರೆಯಿಸುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಕಡತವನ್ನು ನೋಡದೆ ಅದನ್ನು ಹಬ್ಬಿಸುವವನೂ ಎಚ್ಚರ, ಗಮನಗಳಿಲ್ಲದೆ ಸಹಿ ಹಾಕಿದವನೇ. ಇತ್ತ ಖಾತೆ ಬದಲಾವಣೆಗೆ 'ಚಾಪಾನಿಗೆ' ಎಂದು ಲಕೋಟೆ ಇಟ್ಟು, ಪ್ರೀತಿಯಿಂದ ಕೊಟ್ಟೆ ಎನ್ನುವವರೂ ನಮ್ಮಲ್ಲಿದ್ದಾರೆ. ಆ ಅಧಿಕಾರಿ ನಾಳೆ ನಿವೃತ್ತನಾದರೆ ಅದೇ ಪ್ರೀತಿ ಅವನ ಮನೆಗೆ ಹೋಗುವುದೇ? 2018ರ ಬಳಿಕ ಲಂಚ ಕೊಡುವುದೂ ಸ್ವತಂತ್ರ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವನಿಗೆ ರಕ್ಷಣೆಯಿದೆ, ಆದರೆ ಕೊಟ್ಟ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿರಬೇಕು. ಎಂಟನೆಯ ದಿನ ಬಂದು ಬಲವಂತವಾಗಿತ್ತೆಂದು ಹೇಳುವವನು ಈ ರಕ್ಷಣೆಯನ್ನು ಕೇಳುವಂತಿಲ್ಲ.